ಮೋರಿಯ ಇಂದಿನ ಮಟ್ಟ

ಅಥವಾ ಅವತ್ತು ಬಿಸಿಲೇ ಇರಲಿಲ್ಲವೇನೋ. ನನ್ನ ನೆನಪಿನಲ್ಲಿ ಬಿಸಿಲಿದೆ, ಕಣ್ಣು ಕುಕ್ಕುವಂಥದ್ದು. ಮೋರಿಯ ನೀರು ಹಾಲು ಕಡಿಮೆ ಬಿದ್ದ ಚಹಾದ ಬಣ್ಣದಲ್ಲಿ ಮಿನುಗುತ್ತಿದೆ. ಆದರೆ ಅದೇ ನೆನಪಿನಲ್ಲಿ ನನ್ನ ಕೈಯಲ್ಲಿ ಬಿಚ್ಚಿದ ಕೊಡೆಯೂ ಇದೆ. ಬಿಸಿಲಿಗೆ ಕೊಡೆ ಹಿಡಿಯುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಎರಡರಲ್ಲೊಂದು ಸುಳ್ಳು. ದಂಡೆಯ ಮೇಲೆ ಹತ್ತಿ ಹರಡಿತ್ತು ಎನ್ನುವುದಂತೂ ಖಚಿತ, ಮಳೆಯಲ್ಲಿ ಯಾರೂ ಹತ್ತಿ ಹರಡುವುದಿಲ್ಲ. ಹಾಗಾಗಿ ಬಿಸಿಲನ್ನು ಉಳಿಸಿಕೊಂಡು ಕೊಡೆಯನ್ನು ಬಿಟ್ಟುಬಿಡುತ್ತೇನೆ. ಇಷ್ಟು ಸುಲಭವಾಗಿ ಬಿಡಬಹುದಾದ ಕೊಡೆ ಅಲ್ಲಿಗೆ ಹೇಗೆ ಬಂತು ಎಂದು ಕೇಳಬೇಡಿ.

ಬೆಂಗಳೂರಿನ ನಮ್ಮ ಭಾಗದಲ್ಲಿ ನದಿ ಇಲ್ಲ. ನದಿಯಿಲ್ಲದ ಕಡೆ ಕೂತು ಪ್ರವಾಹದ ಕಥೆ ಹೇಳುವುದಕ್ಕೆ ಸ್ವಲ್ಪ ನಾಚಿಕೆಯಾಗುತ್ತದೆ, ನಿಜವಾದ ನದಿಯ ದಂಡೆಯಿಂದ ಬಂದವರಿಗಂತೂ ಇನ್ನೂ ಹೆಚ್ಚು. ನಾವು ಹಾಗೆ ಬಂದವರು. ಅಪ್ಪನಿಗೆ ಘಟಪ್ರಭೆಯ ದಂಡೆಯ ಒಂದೂರಿಂದ ಇಲ್ಲಿಗೆ ವರ್ಗವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ವಿಮೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಜೀವನ್ ಬಿಮಾ ನಗರದ ಒಂದು ತುದಿಯಲ್ಲಿ, ಎಲ್ಲರಿಗೂ ಒಂದೇ ತಾರಸಿಯಿದ್ದ ಮೂರು ಮಹಡಿಯ ಸಾಲುಕಟ್ಟಡದಲ್ಲಿ ಮನೆ ಸಿಕ್ಕಿತು. ನಮ್ಮ ಸಾಲಿನಲ್ಲಿ ಎಲ್ಲರ ಜೀವಕ್ಕೂ ವಿಮೆ ಇತ್ತು. ಸಾಲಿನ ಹಿಂದೆ ಹರಿಯುವ ನೀರಿಗೆ ಇರಲಿಲ್ಲ.

ಆ ನೀರಿಗೆ ನಕ್ಷೆಯಲ್ಲಿ ರಾಜಕಾಲುವೆ ಎಂದು ಹೆಸರು. ಹಲಸೂರು ಕೆರೆಯ ಕಡೆಯಿಂದ ಹೊರಟು, ಇಂದಿರಾನಗರದ ಬಚ್ಚಲುಗಳನ್ನೆಲ್ಲ ಮಾತಾಡಿಸಿಕೊಂಡು ನಮ್ಮ ಹಿತ್ತಲಿಗೆ ಬರುತ್ತಿತ್ತು. ರಾಜ ಯಾವಾಗಲೋ ಹೋಗಿದ್ದ. ಜನ ಅದನ್ನು ಮೋರಿ ಎನ್ನುತ್ತಿದ್ದರು. ಅಪ್ಪ ಅಮ್ಮ ಮಾತ್ರ ಹೊಳಿ ಎಂದರು. ಮೊದಲ ವರ್ಷ ಅದು ತಮಾಷೆಯಾಗಿತ್ತು. ಎರಡನೆಯ ಮಳೆಗಾಲದ ಹೊತ್ತಿಗೆ ತಮಾಷೆ ಯಾರಿಗೂ ನೆನಪಿರಲಿಲ್ಲ, ಹೊಳಿ ಉಳಿದಿತ್ತು.

ನಮ್ಮ ಕಡೆಯ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಊರಲ್ಲಿ ಹೊಳೆ ವರ್ಷವಿಡೀ ಅಲ್ಲೇ ಇರುತ್ತದೆ, ಎಲ್ಲಿಂದಲೂ ಬರಬೇಕಾಗಿಲ್ಲ. ಆದರೂ "ಹೊಳಿ ಬಂತು" ಅನ್ನುತ್ತಾರೆ. ಹಾಗಂದರೆ ನೀರು ದಂಡೆ ಬಿಟ್ಟು ಓಣಿಗೆ ಬಂತು, ಕಾಳಿನ ಚೀಲ ಮೇಲಕ್ಕೇರಿಸಿ ಎಂದು ಅರ್ಥ. ಅದನ್ನು ಯಾರೂ ಸುಮ್ಮನೆ ಹೇಳುವುದಿಲ್ಲ, ಕೂಗುತ್ತಾರೆ.

ಅಪ್ಪನ ಬೆಳಗು ಪತ್ರಿಕೆಯ ಒಳಪುಟದಿಂದ ಆರಂಭವಾಗುತ್ತಿತ್ತು. ಮಳೆಗಾಲದಲ್ಲಿ ಅಲ್ಲೊಂದು ಸಣ್ಣ ಚೌಕದಲ್ಲಿ ಜಲಾಶಯಗಳ ನೀರಿನ ಮಟ್ಟ ಹಾಕುತ್ತಾರಲ್ಲ, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅದನ್ನು ಅವರು ಬೇರೆಯವರು ರಾಶಿಭವಿಷ್ಯ ಓದುವಂತೆ ಗಟ್ಟಿಯಾಗಿ ಓದುತ್ತಿದ್ದರು. ಒಂದು ವರ್ಷ ಕಿಟಕಿಯ ಸರಳಿಗೆ ಬಳಿದು ಉಳಿದ ಹಸಿರು ಬಣ್ಣದ ಡಬ್ಬಿ ತೆಗೆದುಕೊಂಡು ಹೋಗಿ ಮೋರಿಯ ಸೇತುವೆಯ ಕಂಬದ ಮೇಲೆ ಅಡಿಗೊಂದು ಗೆರೆ ಎಳೆದು ಬಂದರು. ಎಲ್ಲಕ್ಕಿಂತ ಮೇಲೆ, ಆರನೆಯ ಅಡಿಗೆ, ಹೊಸ್ತಿಲಿಗೆ ಬಳಿಯುವ ಕೆಂಪಿನಲ್ಲಿ ಇನ್ನೊಂದು ಗೆರೆ. ಅದು ಅಪಾಯದ ಮಟ್ಟ. ನಿವಾಸಿಗಳ ಸಂಘಕ್ಕೆ ಅವರೇ ಕಾರ್ಯದರ್ಶಿ. ಗೇಟಿನ ಬಳಿ ಟ್ಯಾಂಕರ್ ನೀರು ಯಾವಾಗ ಬರುತ್ತದೆಂದು ಬರೆಯಲು ಒಂದು ಕಪ್ಪು ಹಲಗೆ ಇತ್ತು. ಅದರ ಮೂಲೆಯಲ್ಲಿ ಮಾರನೆಯ ದಿನದಿಂದ ಹೀಗೆ ಕಾಣಿಸಿತು:

ಮೋರಿ. ಇಂದಿನ ಮಟ್ಟ: ೩ ಅಡಿ. ಒಳಹರಿವು: ಸಾಧಾರಣ. ಹೊರಹರಿವು: ದೇವರಿಗೆ ಗೊತ್ತು.

ಕೊನೆಯದನ್ನು ಎರಡು ದಿನ ಬಿಟ್ಟು ಅಳಿಸಿದರು. ಸರ್ಕಾರಿ ಧಾಟಿಗೆ ಹೊಂದುವುದಿಲ್ಲ ಅನಿಸಿರಬೇಕು.

ಎದುರು ಮನೆಯಲ್ಲಿ ವಿಮಾನಪುರದ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರಿದ್ದರು. ಮನೆಮಾತು ತಮಿಳು, ನಂಬಿಕೆ ಮೈಕ್ರೋಮೀಟರಿನಲ್ಲಿ. ಅವರಿಗೆ ಈ ಗೆರೆಗಳನ್ನು ಕಂಡರೆ ಆಗುತ್ತಿರಲಿಲ್ಲ.

"ಏನ್ ಸಾರ್ ಇದು, ಚರಂಡಿಗೆ ಸ್ಕೇಲಾ? ಡ್ಯಾಮ್ ತುಂಬಿದ್ರೆ ಹೇಳಿ, ಮಿನಿಸ್ಟ್ರನ್ನ ಕರೆಸಿ ಬಾಗಿನ ಕೊಡ್ಸೋಣ."

"ನಗ್ರಿ, ನಗ್ರಿ. ಹೊಳಿ ಬಂದ್ ದಿನ ನನ್ ಹತ್ರಾನ ಬರ್ತೀರಿ."

"ಹೊಳೆ ಎಲ್ಲಿ ಸಾರ್? ಮಳೆ ಬಂದ್ರೆ ನೀರು ಬರುತ್ತೆ, ಮಳೆ ನಿಂತ್ರೆ ನಿಲ್ಲುತ್ತೆ. ಸಿಂಪಲ್."

"ಅಲ್ಲೇ ನೋಡ್ರಿ ನೀವು ತಪ್ಪೋದು. ಮಳಿ ನಿಂತ್ ಮ್ಯಾಲೇ ಹೊಳಿ ಬರೋದು. ಮ್ಯಾಲಿನ ಕೆರಿ ತುಂಬಿರ್ತಾವು. ಅಲ್ಲಿ ಯಾವನರೆ ತೂಬು ಎತ್ತಿದ ಅಂದ್ರ ಮುಗೀತು."

ಇದು ಇಬ್ಬರೂ ನಾಲ್ಕು ವರ್ಷ ಆಡಿದ ಒಂದೇ ಜಗಳ. ಇಬ್ಬರ ಮನೆಯೂ ಎತ್ತರದ ಬುನಾದಿಯ ಮೇಲಿತ್ತು, ಯಾರ ಮಾತು ಸರಿಯಾದರೂ ಇಬ್ಬರಿಗೂ ಕಾಲು ಒದ್ದೆಯಾಗುತ್ತಿರಲಿಲ್ಲ. ಹಾಗಾದರೆ ಕೆಂಪು ಗೆರೆ ಯಾರಿಗೆ? ಅಪ್ಪ ಅದನ್ನು ಎಳೆದದ್ದು ಸೇತುವೆಯ ಪಕ್ಕದ ತಗಡಿನ ಶೆಡ್ಡಿನ ಹೊಸ್ತಿಲಿನ ಎತ್ತರಕ್ಕೆ. ಇಡೀ ಬಡಾವಣೆಯಲ್ಲಿ ಅಪಾಯದ ಮಟ್ಟ ಅನ್ನುವುದು ಇದ್ದದ್ದು ಆ ಒಬ್ಬ ಮನುಷ್ಯನಿಗೆ ಮಾತ್ರ.

ಅವರು ಹಾಸಿಗೆ ಮಾಡುವವರು. ಶಿವಾಜಿನಗರದಿಂದ ಬೆಳಿಗ್ಗೆ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಶೆಡ್ಡಿನೊಳಗೆ ಹತ್ತಿ ಹಿಂಜುವ ಒಂದು ಯಂತ್ರ, ಹೊರಗೆ ಸದಾ ಒಂದು ಬಿಳಿ ಧೂಳು. ಅವರ ಹುಬ್ಬು ಸಂಜೆಯ ಹೊತ್ತಿಗೆ ಹತ್ತು ವರ್ಷ ಹೆಚ್ಚು ವಯಸ್ಸಾದಂತೆ ಕಾಣುತ್ತಿತ್ತು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಎದುರು ಮನೆಯವರ ಜೊತೆ ತಮಿಳು, ಬೈಯುವಾಗ ಮೂರೂ. ನಮ್ಮ ಮನೆಯ ಹಾಸಿಗೆಗಳೆಲ್ಲ ಅವರು ಮಾಡಿದ್ದೇ. ಪ್ರತಿದಿನ ಬಂದ ಕೂಡಲೇ ಹಲಗೆಯ ಮುಂದೆ ಗಾಡಿ ನಿಲ್ಲಿಸಿ ಅಪ್ಪನನ್ನು ಕೇಳುತ್ತಿದ್ದರು.

"ಆಜ್ ಕಿತ್ತಾ ಹೈ ಸಾಬ್, ಹೊಳಿ?"

ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಇದು ಗೊತ್ತಾದ ಮೇಲೆ ಅಪ್ಪ ಅಂಕಿಯ ಪಕ್ಕ ಒಂದು ಬಾಣ ಬರೆಯಲು ಶುರುಮಾಡಿದರು. ಏರುಮುಖವಾದರೆ ಮೇಲಕ್ಕೆ, ಇಳಿಮುಖವಾದರೆ ಕೆಳಕ್ಕೆ. ಮೇಲಿನ ಬಾಣ ಕಂಡರೆ ಅವರು ಹತ್ತಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಕೆಳಗಿನ ಬಾಣ ಕಂಡರೆ ಇಳಿಸುತ್ತಿದ್ದರು. ಹಲಗೆಯ ಉಳಿದ ಓದುಗರೆಲ್ಲ ನಗುವುದಕ್ಕೆ ಓದುತ್ತಿದ್ದರು. ಅವರೊಬ್ಬರು ಮೂಟೆ ಹೊರುವುದಕ್ಕೆ.

ನಾನು ಹೇಳುತ್ತಿರುವ ವರ್ಷ ಹೊಸ ಶತಮಾನದ ಮೊದಲ ಕೆಲವು ವರ್ಷಗಳಲ್ಲಿ ಒಂದು. ವಿಮಾನ ನಿಲ್ದಾಣ ಇನ್ನೂ ಹಳೆಯ ಜಾಗದಲ್ಲೇ ಇತ್ತು, ವಿಮಾನಗಳು ನಮ್ಮ ತಾರಸಿಯ ತಂತಿಗೆ ಒಣಹಾಕಿದ ಬಟ್ಟೆ ಆರಿಸಿಕೊಳ್ಳುವಂತೆ ತಗ್ಗಿ ಬರುತ್ತಿದ್ದವು. ದಸರೆ ಮುಗಿದರೂ ಮಳೆ ಮುಗಿಯಲಿಲ್ಲ. ಮೂರು ವಾರ ಸುರಿಯಿತು. ಶೆಡ್ಡು ಸೋರಿ ಹತ್ತಿಗೆ ತೇವ ಹಿಡಿಯಿತು.

ಬೇರೆ ಹತ್ತಿಯಾಗಿದ್ದರೆ ಹೋಗಲಿ. ಅದರಲ್ಲಿ ಮಗಳ ಹಾಸಿಗೆಯ ಹತ್ತಿ ಇತ್ತು. ಅವರ ಮಗಳ ಮದುವೆ ಆ ಭಾನುವಾರ. ಗಂಡನ ಮನೆಗೆ ಕಳಿಸುವ ಹಾಸಿಗೆಯನ್ನು ಅವರ ಮನೆತನದಲ್ಲಿ ಹೆಣ್ಣಿನ ತಂದೆಯೇ ಕೈಯಾರೆ ಮಾಡಬೇಕು. ಅವರ ತಂದೆ ಅವರ ಅಕ್ಕಂದಿರಿಗೆ ಮಾಡಿದ್ದರಂತೆ, ಅಜ್ಜ ಅತ್ತೆಯರಿಗೆ. ಊರಿಗೆಲ್ಲ ಹಾಸಿಗೆ ಮಾಡಿದವನು ಮಗಳನ್ನು ಕೊಂಡುತಂದ ಹಾಸಿಗೆಯ ಜೊತೆ ಕಳಿಸಿದ ಅಂದರೆ ಶಿವಾಜಿನಗರದಲ್ಲಿ ತಲೆಯೆತ್ತಿ ನಡೆಯೋದು ಹೇಗೆ ಎಂದು ಅಮ್ಮನ ಮುಂದೆ ಹೇಳಿಕೊಂಡಿದ್ದರು. ಒಳ್ಳೆಯ ಹತ್ತಿಯನ್ನು ವರ್ಷದಿಂದ ಆರಿಸಿ ಆರಿಸಿ ಬೇರೆ ಮೂಟೆಯಲ್ಲಿ ಇಟ್ಟಿದ್ದರು. ಅದಕ್ಕೀಗ ಎರಡು ದಿನದ ಬಿಸಿಲು ಬೇಕಿತ್ತು. ಆಮೇಲೆ ಹಿಂಜಲು ಒಂದು ದಿನ, ತುಂಬಿ ಹೊಲಿಯಲು ಒಂದು ದಿನ.

ಆ ವಾರದ ಆರಂಭದಲ್ಲಿ ಮಳೆ ನಿಂತಿತು. ಬಿಸಿಲೂ ಬಂತು (ಬಂತು ಅಂತ ಈಗಾಗಲೇ ಇತ್ಯರ್ಥ ಮಾಡಿದ್ದೇನೆ). ಮೋರಿ ಮಾತ್ರ ಇಳಿಯಲಿಲ್ಲ. ಕೆಂಪು ಗೆರೆಗೆ ಒಂದು ಗೇಣು ಕೆಳಗೆ ನಿಂತು, ನೋಡೋಣ ಎನ್ನುವಂತೆ ಸುತ್ತುತ್ತಿತ್ತು. ದಂಡೆಯಲ್ಲಿ ಹತ್ತಿ ಹರಡಲು ಅವರಿಗೆ ಧೈರ್ಯ ಬರಲಿಲ್ಲ. ಅಪ್ಪನ ಹತ್ತಿರ ಬಂದರು.

"ಸಾಬ್, ನಿಮ್ದು ಮೇಲೆ ತಾರಸಿ ಖಾಲಿ ಇದ್ಯಲ್ಲ. ಎರಡೇ ದಿನ. ನಾನೇ ಹೊತ್ಕೊಂಡ್ ಹೋಗ್ತೀನಿ, ನಾನೇ ಗುಡಿಸ್ತೀನಿ."

ಅಪ್ಪ ಒಬ್ಬರೇ ನಿರ್ಧರಿಸುವ ಮನುಷ್ಯರಲ್ಲ. ಸಂಘದ ಮುಂದೆ ಇಟ್ಟರು. ಸಂಘವೆಂದರೆ ಅಪ್ಪ, ಎದುರು ಮನೆಯವರು ಮತ್ತು ಅವತ್ತು ಬೇರೆ ಕೆಲಸವಿಲ್ಲದ ಇಬ್ಬರು.

"ಇವತ್ತು ಹತ್ತಿ ಅಂತಾರೆ," ಅಂದರು ಎದುರು ಮನೆಯವರು. "ನಾಳೆ ಇನ್ನೊಬ್ರು ಹಪ್ಪಳದ ಬಿಸಿನೆಸ್ ಅಂತಾರೆ. ರೂಲ್ ಅಂದ್ರೆ ರೂಲ್ ಸಾರ್. ಮಗಳ ಮದುವೆ, ಪಾವಂ, ನಂಗೂ ಬೇಜಾರಿದೆ."

ಅವರ ಹೆಂಡತಿಯ ಸಂಡಿಗೆ ಆಗ ಮೇಲೆ ಒಣಗುತ್ತಿತ್ತು. ಅಮ್ಮನ ಬ್ಯಾಡಗಿ ಮೆಣಸಿನಕಾಯಿ ಕೂಡ. ಅಪ್ಪ ಒಂದು ರಾತ್ರಿ ಯೋಚಿಸಿ, ಯಾರ ಮನಸ್ಸೂ ನೋಯದಂಥ ಒಂದು ಸೂಚನೆ ಬರೆದರು: "ತಾರಸಿಯ ಮೇಲೆ ವಾಣಿಜ್ಯ ಸ್ವರೂಪದ ಒಣಗಿಸುವಿಕೆಯನ್ನು ನಿಷೇಧಿಸಲಾಗಿದೆ." ಕನ್ನಡ ಓದಲು ಬಾರದ ಮನುಷ್ಯನಿಗೆ ಅದನ್ನು ಅವರೇ ಓದಿ ಹೇಳಬೇಕಾಯಿತು. ಓದಿ ಹೇಳಿ, ಬಾಯಿಂದ ಇನ್ನೂ ಒಂದು ಮಾತು ಸೇರಿಸಿದರು.

"ನೀವೇನ್ ಕಾಳಜಿ ಮಾಡಬ್ಯಾಡ್ರಿ. ದಂಡಿ ಮ್ಯಾಲೆ ಹರವ್ರಿ. ನಾವು ತಾಸಿಗೊಮ್ಮೆ ಹೊಳಿ ನೋಡ್ತೀವಿ."

ಮರುದಿನ ಅಪ್ಪನಿಗೆ ಕಚೇರಿ ಇತ್ತು. ನಾವು ಅಂದರೆ ನಾನು, ತಾಸಿಗೊಮ್ಮೆ ಅಂದರೆ ಎರಡು ತಾಸಿಗೊಮ್ಮೆ. ನನಗಾಗ ಇಪ್ಪತ್ನಾಲ್ಕು, ಒಂದು ಕೆಲಸ ಬಿಟ್ಟು ಇನ್ನೊಂದು ಸಿಗದೆ ಮನೆಯಲ್ಲಿದ್ದೆ. ಮನೆಯಲ್ಲಿರುವವರಿಗೆ ಎಲ್ಲರೂ ಏನಾದರೂ ಕೆಲಸ ಹುಡುಕಿಕೊಡುತ್ತಾರೆ.

"ಹನ್ನೊಂದಕ್ಕ ಹೋಗಿ ಗೆರಿ ನೋಡು, ಬಾಣ ಬರಿ. ಒಂದಕ್ಕ ಮತ್ತ ಹೋಗು. ಏರಾಕತ್ತಿದ್ರ ಓಡಿಹೋಗಿ ಅವರಿಗೆ ಹೇಳು. ಇಷ್ಟ ಕೆಲಸ. ಮಾಡ್ತಿ ಹೌದಲ್ಲ?"

"ಮಾಡ್ತೀನಿ ಬಿಡಪ್ಪಾ. ಮೋರಿ ತಾನೆ?"

ಇನ್ನು ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಹೇಳುತ್ತ ಬಂದ ಕಥೆ. ನೆಂಟರು ಬಂದಾಗ, ಮಳೆ ಸುರಿಯುವಾಗ, ಮಾತು ಮುಗಿದು ಚಹಾ ಉಳಿದಾಗ ಇದನ್ನು ಹೇಳುತ್ತೇವೆ. ಬೆಳಿಗ್ಗೆ ಹನ್ನೊಂದಕ್ಕೆ ಬಾಣ ಕೆಳಕ್ಕಿತ್ತು. ಹಾಸಿಗೆಯವರು ದಂಡೆಯ ಮೇಲೆ ಟಾರ್ಪಾಲು ಹಾಸಿ ಮಗಳ ಹತ್ತಿಯನ್ನು ಹರಡಿದರು. ಹನ್ನೆರಡರ ಹೊತ್ತಿಗೆ ಅಮ್ಮ ಮೆಣಸಿನಕಾಯಿ ತಿರುವಿಹಾಕಲು ತಾರಸಿಗೆ ಹೋದವಳು ನೋಡುತ್ತಾಳೆ, ಬಿಸಿಲಲ್ಲಿ, ಒಂದು ಹನಿ ಮಳೆಯಿಲ್ಲದೆ, ಮೇಲಿನಿಂದ ನೀರು ಸೇತುವೆಯ ಕಮಾನು ಮುಚ್ಚಿಕೊಂಡು ಬರುತ್ತಿದೆ. ಅಮ್ಮ ಗೋಡೆಗೆ ಬಗ್ಗಿ ಊರಿನ ಗಂಟಲಿನಿಂದ ಕೂಗಿದಳು.

"ಹೊಳಿ ಬಂತ್ರೀ! ಏ ಭಾಯಿಯವರ, ಹೊಳಿ ಬಂತು!"

ಅವರು ತಲೆಯೆತ್ತಿ ನೋಡಿದರು. ಕೈಬೀಸಿದರು. ನಕ್ಕು ಹೇಳಿದರು:

"ಹೋಳಿನಾ? ಈಗ್ಲೇ? ಕ್ಯಾ ಅಮ್ಮಾ, ಹೋಳಿ ಮಾರ್ಚಲ್ಲಿ ಬರೋದು! ಬಣ್ಣಗಿಣ್ಣ ನಕ್ಕೋ, ಹತ್ತಿ ಇದೆ ಇಲ್ಲಿ!"

ಇಲ್ಲಿ ಎಲ್ಲರೂ ನಗುತ್ತಾರೆ. ಆಮೇಲೆ ನೀರು ಬಂತು, ಹತ್ತಿ ಹೋಯಿತು ಎಂದು ಕಥೆ ಸ್ವಲ್ಪ ದನಿ ತಗ್ಗಿಸಿಕೊಳ್ಳುತ್ತದೆ. ಪಾಪ, ಒಂದು ಅಕ್ಷರದ ದೀರ್ಘದಿಂದ ಎಂಥ ಅನಾಹುತ ಎಂದು ನೆಂಟರು ಭಾಷೆಯ ವಿಚಿತ್ರದ ಬಗ್ಗೆ ಮಾತಾಡತೊಡಗುತ್ತಾರೆ. ನಾನೂ ಎಷ್ಟೋ ಸಲ ಇದನ್ನು ಹೇಳಿದ್ದೇನೆ, ಚೆನ್ನಾಗಿ ಹೇಳುತ್ತೇನೆ, ದಖನಿಯ ಆ ರಾಗ ನನಗೆ ಅಮ್ಮನಿಗಿಂತ ಚೆನ್ನಾಗಿ ಬರುತ್ತದೆ.

ತೊಂದರೆ ಏನೆಂದರೆ, ಈ ಕಥೆ ನಡೆದಿರಲಾರದು.

ನಾಲ್ಕು ವರ್ಷ ಪ್ರತಿದಿನ ಬೆಳಿಗ್ಗೆ "ಆಜ್ ಕಿತ್ತಾ ಹೈ ಸಾಬ್, ಹೊಳಿ?" ಎಂದು ಕೇಳಿದ ಮನುಷ್ಯನಿಗೆ ಹೊಳಿ ಅಂದರೇನು ಅಂತ ಗೊತ್ತಿರಲಿಲ್ಲವೇ? ಇಡೀ ಬೆಂಗಳೂರಿನಲ್ಲಿ ಆ ಮೋರಿಯನ್ನು ಹೊಳಿ ಎಂದು ಕರೆದ ಮೂರನೆಯ ವ್ಯಕ್ತಿ ಅವರು. ನಾನೇ ಮೋರಿ ಅನ್ನುತ್ತಿದ್ದೆ. ಈ ಮಾತು ತಪ್ಪಾಗಿ ಕೇಳಿಸಬಹುದಾದ ಯಾರಾದರೂ ಇದ್ದರೆ ಎದುರು ಮನೆಯವರಿಗೆ ಕೇಳಿಸಬೇಕು. ಅವರಿಗೂ ಈ ಕಥೆ ಹೇಳಿದ್ದೇವೆ, ಅವರೂ ನಕ್ಕಿದ್ದಾರೆ.

ಇನ್ನೂ ಇದೆ. ಹತ್ತಿ ಹಿಂಜುವ ಯಂತ್ರ ನಡೆಯುತ್ತಿದ್ದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅದು ನಡೆಯುತ್ತಿತ್ತು, ಬೇರೆ ಹತ್ತಿಯ ಕೆಲಸವೂ ಇತ್ತಲ್ಲ. ನಡೆಯುತ್ತಿರಲಿಲ್ಲ ಅಂತಾದರೆ ಆ ಹೊತ್ತಿಗೆ ವಿಮಾನಗಳು. ಮೂರನೆಯ ಮಹಡಿಯ ತಾರಸಿಯಿಂದ ಸೇತುವೆಯವರೆಗೆ ಆ ಗದ್ದಲದಲ್ಲಿ ಹೋಳಿಯ ಬಗ್ಗೆ, ಮಾರ್ಚಿನ ಬಗ್ಗೆ, ಬಣ್ಣದ ಬಗ್ಗೆ ಇಷ್ಟುದ್ದ ಸಂಭಾಷಣೆ ನಡೆಯಿತು ಎಂದು ನಂಬಬೇಕಾದರೆ ನೆಂಟನಾಗಿರಬೇಕು.

ಅಂದರೆ ಒಂದೋ ಅಮ್ಮ ಕೂಗಿದಳು, ಅವರಿಗೆ ಕೇಳಲಿಲ್ಲ. ಅಥವಾ ಅಮ್ಮ ಕೂಗಲೇ ಇಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ನಾವು ಹೇಳುವ ಕಥೆಯಲ್ಲಿ ಒಬ್ಬರು ಕಾಣೆಯಾಗಿದ್ದಾರೆ. ಹನ್ನೊಂದಕ್ಕೆ ಬಾಣ ಕೆಳಕ್ಕಿತ್ತು ಅನ್ನುತ್ತೇವೆ. ಬಾಣ ತಾನಾಗಿ ಮೂಡುವುದಿಲ್ಲ.

ಬರೆದದ್ದು ನಾನು. ಅದರಲ್ಲಿ ಅನುಮಾನವಿಲ್ಲ, ಸೀಮೆಸುಣ್ಣದ ಧೂಳನ್ನು ಚೂಡಿದಾರಕ್ಕೆ ಒರೆಸಿಕೊಂಡು ಅಮ್ಮನ ಹತ್ತಿರ ಬೈಸಿಕೊಂಡಿದ್ದೆ. ಬರೆಯುವ ಮುಂಚೆ ಸೇತುವೆಗೆ ಹೋಗಿ ಗೆರೆ ನೋಡಿದೆನೇ? ಹಲಗೆ ಗೇಟಿನ ಬಳಿ, ಸೇತುವೆ ಅಲ್ಲಿಂದ ಐವತ್ತು ಹೆಜ್ಜೆ. ಹೋದಂತೆ ಒಂದು ಚಿತ್ರವಿದೆ ತಲೆಯಲ್ಲಿ. ನೀರು ಐದನೆಯ ಗೆರೆಯನ್ನು ಬಿಟ್ಟು ಕೆಳಗಿದೆ, ಗೆರೆಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡಿದೆ. ಚಿತ್ರ ಸ್ಪಷ್ಟವಾಗಿದೆ, ಆದರೆ ಅಂಥ ಬೆಳಗುಗಳು ಅಪ್ಪನ ಜೊತೆ ನೂರು ಕಳೆದಿದ್ದೇನೆ, ಯಾವ ಬೆಳಗಿನ ಚೀಲ ಅದು? ಇನ್ನೊಂದು ಚಿತ್ರವೂ ಇದೆ. ಗೇಟಿನಲ್ಲೇ ನಿಂತು, ದೂರದಿಂದ ಮೋರಿಯ ಕಡೆ ಒಮ್ಮೆ ನೋಡಿ, ಬಿಸಿಲಿದೆ, ಮಳೆ ನಿಂತು ಮೂರು ದಿನವಾಯಿತು, ಇಳಿಯದೆ ಇನ್ನೇನು ಎಂದು ಕೆಳಮುಖ ಬಾಣ ಎಳೆದು, ಅಂಕಿಯ ಜಾಗದಲ್ಲಿ ಹಿಂದಿನ ದಿನದ ಅಂಕಿಗೆ ಅರ್ಧ ಅಡಿ ಕಡಿಮೆ ಮಾಡಿ ಬರೆದದ್ದು. ಮಳೆ ನಿಂತರೆ ನೀರು ನಿಲ್ಲುತ್ತದೆ, ಸಿಂಪಲ್. ಎದುರು ಮನೆಯವರ ವಾದವೇ ನನಗೆ ಹೆಚ್ಚು ಸರಿ ಅನಿಸುತ್ತಿತ್ತು. ಅಪ್ಪನಿಗೆ ಅದನ್ನು ಎಂದೂ ಹೇಳಿರಲಿಲ್ಲ.

ಎರಡನೆಯ ಚಿತ್ರ ಹೆಚ್ಚು ನಿಜ ಅನಿಸುತ್ತದೆ. ಅದು ನನಗೆ ಅವಮಾನ ಮಾಡುತ್ತದೆ ಎಂಬ ಕಾರಣಕ್ಕೇ ಹಾಗನಿಸುತ್ತಿದೆಯೋ ಏನೋ. ಅವಮಾನ ಮಾಡುವ ನೆನಪೆಲ್ಲ ನಿಜ ಎಂದುಕೊಳ್ಳುವುದೂ ಒಂದು ಸೋಗೇ ಇರಬಹುದು.

ನೀರು ಬಂದಾಗ ನಾನು ಎಲ್ಲಿದ್ದೆ? ಒಳಗೆ, ಏನೋ ಓದುತ್ತ. ಗದ್ದಲ ಕೇಳಿ ಕೆಳಗೆ ಓಡಿದೆ. ಆಗ ನೋಡಿದ್ದನ್ನು ಮಾತ್ರ ನಾನು ಯಾರಿಗೂ ಕಥೆಯಾಗಿ ಹೇಳಿಲ್ಲ. ನೀರು ಶೆಡ್ಡಿನ ಹೊಸ್ತಿಲು ದಾಟಿತ್ತು, ಮೊಣಕಾಲುದ್ದ, ಅಷ್ಟೇ. ಹಾಸಿಗೆಯವರು ಟಾರ್ಪಾಲಿನ ಎರಡು ಮೂಲೆ ಹಿಡಿದು ಎಳೆಯುತ್ತಿದ್ದರು. ಒದ್ದೆಯಾದ ಹತ್ತಿ ಎಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಎಮ್ಮೆಯನ್ನು ನೀರಿನಿಂದ ಎಳೆಯುವಂತೆ ಕಾಣುತ್ತಿತ್ತು. ನಾನು ಹೋಗಿ ಇನ್ನೊಂದು ಮೂಲೆ ಹಿಡಿದೆ. ಟಾರ್ಪಾಲು ಹರಿಯಿತು. ಬೂದು ಬಣ್ಣದ ಒಂದು ಮುದ್ದೆ ಹೊರಳಿ ಸೇತುವೆಯ ಕೆಳಗೆ ಹೋಯಿತು, ಆಮೇಲೆ ಇನ್ನೊಂದು.

ಅರ್ಧ ತಾಸಿನಲ್ಲಿ ನೀರು ಬಂದಂತೆಯೇ ಹಿಂದೆ ಸರಿಯಿತು. ಮೇಲೆ ಯಾರೋ ತೂಬು ಎತ್ತಿ ಇಳಿಸಿದರೋ, ಎಲ್ಲೋ ಕಟ್ಟಿಕೊಂಡ ಕಸ ಒಮ್ಮೆಗೆ ಬಿಟ್ಟುಕೊಂಡಿತೋ, ವಿಚಾರಿಸುವವರಿರಲಿಲ್ಲ. ಸಂಜೆ ಆರಕ್ಕೆ ಅಪ್ಪ ಕಚೇರಿಯಿಂದ ಬರುವಾಗ ಮೋರಿ ಐದನೆಯ ಗೆರೆಗಿಂತ ಕೆಳಗಿತ್ತು. ನಾನು ಬರೆದ ಬಾಣವೂ ಅಂಕಿಯೂ ಆ ಹೊತ್ತಿಗೆ ಸರಿಯಾಗಿದ್ದವು.

ಅಪ್ಪ ಶೆಡ್ಡಿನ ಗೋಡೆಯ ಕೆಸರಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮನೆಗೆ ಬಂದು ಬೂಟು ಬಿಚ್ಚುತ್ತ ಕೇಳಿದರು.

"ಹನ್ನೊಂದಕ್ಕ ಹೋಗಿ ನೋಡಿದ್ದಿ ಹೌದಲ್ಲ?"

"ಹೂಂ," ಅಂದೆ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು, ತಾನು ತಾರಸಿಯಿಂದ ಎಷ್ಟು ಒದರಿದೆ, ಅವರು ಹೇಗೆ ಹೋಳಿ ಅಂದುಕೊಂಡರು ಎಂದು ಹೇಳಿದಳು. ಅಪ್ಪ ನಗಲಿಲ್ಲ, ಆದರೆ ನನ್ನನ್ನು ಮತ್ತೇನೂ ಕೇಳಲಿಲ್ಲ. ಕಥೆ ಹುಟ್ಟಿದ್ದು ಆಗ, ನನ್ನನ್ನು ಉಳಿಸಲು ಎಂದು ನಾನು ಬಹಳ ವರ್ಷ ನಂಬಿದ್ದೆ. ಈಚೆಗೆ ಅಮ್ಮನನ್ನು ಕೇಳಿದೆ.

"ನಾ ಎಲ್ಲಿ ಹೇಳಿದ್ನೇ? ಅದನ್ನ ನೀನಽ ಬಂದು ಹೇಳಿದ್ದಿ, ಅವರು ಹೋಳಿ ಅಂದ್ರು ಅಂತ. ನಾ ಬರೇ ಒದರಿದೆ."

"ಒದರಿದ್ದು ಖರೇನಾ?"

"ಒದರಿರಬೇಕಲ್ಲ. ಹೊಳಿ ಬಂದ್ರ ಒದರಲಾರದ ಇರ್ತಾರೇನು ಯಾರರೆ?"

ಇರಬೇಕಲ್ಲ.

ಆ ಸಂಜೆ ಅಪ್ಪ ಒಂದು ಕೆಲಸ ಮಾಡಿದರು. ನಮ್ಮ ಎರಡು ಹಾಸಿಗೆಗಳನ್ನು, ಅವರದ್ದೊಂದು, ನನ್ನದೊಂದು, ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ಶೆಡ್ಡಿಗೆ ಹೋದರು. ಹಿಂದೆ ನಾನು. ಗೇಟಿನಲ್ಲಿ ನಿಂತಿದ್ದ ಎದುರು ಮನೆಯವರು ಬಂದು ಒಂದು ಸುರುಳಿಯ ತುದಿ ಹಿಡಿದುಕೊಂಡರು.

ಹಾಸಿಗೆಯವರು ಯಂತ್ರದ ಕೆಸರು ಒರೆಸುತ್ತಿದ್ದರು. ಅಪ್ಪ ಹೇಳಿದರು:

"ಇವು ನೀವ ಮಾಡಿದ್ದು. ಹತ್ತಿ ಚಲೋ ಐತಿ. ಬಿಚ್ಚಿ ಮತ್ತ ಹಿಂಜಿದ್ರ..."

"ನಕ್ಕೋ ಸಾಬ್." ಅವರು ತಲೆ ಅಲ್ಲಾಡಿಸಿದರು. "ಒಬ್ರು ಮಲಗಿದ್ ಹತ್ತಿ ಮದುವೆ ಹೆಣ್ಣಿಗೆ ಹಾಕಲ್ಲ ನಮ್ದ್ರಲ್ಲಿ. ತಪ್ಪು ತಿಳ್ಕೋಬೇಡಿ."

"ಯಾರಿಗ್ ಗೊತ್ತಾಗ್ತದ್ರಿ?"

"ನಂಗೆ ಗೊತ್ತಿರುತ್ತಲ್ಲ ಸಾಬ್."

ಎದುರು ಮನೆಯವರು ಗಂಟಲು ಸರಿಮಾಡಿಕೊಂಡು, "ತಾರಸಿಯಲ್ಲಿ ಹಾಕ್ಕೊಳ್ಳಿ ಭಾಯ್, ಏನಾದ್ರೂ ಉಳಿದಿದ್ರೆ. ನಾನು ಹೇಳ್ತೀನಿ ಸಂಘಕ್ಕೆ," ಅಂದರು. ಉಳಿದಿರಲಿಲ್ಲ. ಹಾಸಿಗೆಯವರು ನನ್ನ ಕಡೆ ನೋಡಿದರು, ಅಥವಾ ನನ್ನ ಹಿಂದಿನ ಗೇಟಿನ ಕಡೆ.

"ನೀರು ಬಂತು, ಹೋಯ್ತು. ನೀವೇನ್ ಮಾಡ್ತೀರ ಅಮ್ಮಾ," ಅಂದರು.

ಇದು ಕ್ಷಮೆಯೋ, ಪ್ರಶ್ನೆಯೋ, ಬರೀ ದಣಿದ ಮನುಷ್ಯನ ಮಾತೋ ನಾನು ಹಲವು ಧಾಟಿಯಲ್ಲಿ ಹೇಳಿ ನೋಡಿದ್ದೇನೆ. ಎಲ್ಲಕ್ಕೂ ಒಗ್ಗುತ್ತದೆ.

ಅಪ್ಪ ಹಾಸಿಗೆಗಳನ್ನು ವಾಪಸು ತರಲಿಲ್ಲ. ಶೆಡ್ಡಿನ ಒಳಗೆ, ಅಟ್ಟದ ಮೇಲೆ ಇಟ್ಟು ಬಂದರು. ನಾವು ಚಾಪೆಯ ಮೇಲೆ ಮಲಗಿದೆವು. ಮರುದಿನ ಬೆಳಿಗ್ಗೆ ಶೆಡ್ಡಿಗೆ ಬೀಗವಿತ್ತು. ತಗಡಿನ ಸಂದಿನಿಂದ ನೋಡಿದರೆ ಅಟ್ಟ ಖಾಲಿ. ಅವರು ಕೊಂಡುಹೋದರೋ, ಬೇರೆ ಯಾರಾದರೂ ಒಯ್ದರೋ. ಶುಕ್ರವಾರ ಮದುವೆ ಕಾಗದ ಕೊಡಲು ಬಂದವರು ಅವರ ಭಾವಮೈದುನ. ಹಾಸಿಗೆ ಆಯಿತೇ ಎಂದು ಕೇಳಲು ಅಪ್ಪ ಬಾಯಿ ತೆರೆದದ್ದನ್ನು ನೋಡಿದೆ. ಕೇಳಿದ್ದು ಊಟಕ್ಕೆ ಎಷ್ಟು ಹೊತ್ತಿಗೆ ಬರಬೇಕೆಂದು.

ಭಾನುವಾರ ಅಪ್ಪ ಅಮ್ಮ ಮದುವೆಗೆ ಹೋದರು. ನಾನು ಜ್ವರ ಅಂದೆ. ಮುಟ್ಟಿ ನೋಡಿದವರು ಯಾರೂ ಇಲ್ಲ. ಅವರಿಬ್ಬರೂ ಸಂಜೆ ಬಂದು ಬಿರಿಯಾನಿಯ ಬಗ್ಗೆ, ಅದರಲ್ಲಿ ತಮಗೆ ಬೇರೆ ಮಾಡಿಸಿದ್ದ ತರಕಾರಿಯದ್ದರ ಬಗ್ಗೆ, ಹೆಣ್ಣಿನ ಕೈಯ ಮೆಹಂದಿಯ ಬಗ್ಗೆ ಹೇಳಿದರು. ಕೊನೆಗೆ ನಾನೇ ಕೇಳಬೇಕಾಯಿತು.

"ಇತ್ತು," ಅಂದರು ಅಪ್ಪ. "ಒಳಗಿನ ಕೋಣ್ಯಾಗ ಎಲ್ಲಾ ಸಾಮಾನು ಹರವಿ ಇಟ್ಟಿದ್ರು. ಕೆಂಪು ಸ್ಯಾಟಿನ್ ಹೊದಿಕಿ ಹಾಸಿಗಿ. ಒತ್ತಿ ನೋಡಿದೆ. ಭಾಳ ಮೆತ್ತಗ ಇತ್ತು."

"ಮೆತ್ತಗ ಎಲ್ಲಿ ಇತ್ರೀ?" ಅಂದಳು ಅಮ್ಮ. "ಗಟ್ಟಿ ಇತ್ತು. ಅಂಗಡಿಯಾಗ ತಂದಿದ್ದು ಅನಸ್ತು ನನಗ."

"ನಿನಗೇನ್ ತಿಳೀತದ? ಅದರ ಹೊಲಿಗಿ ನೋಡಿದ್ದೇನು? ಅವರ ಕೈದೇ ಹೊಲಿಗಿ ಅದು."

"ಹೊದಿಕಿ ಮ್ಯಾಲೆ ಹೊಲಿಗಿ ಎಲ್ಲಿ ಕಾಣಸ್ತದ?"

ಹೀಗೆ ಅವರು ಊಟದವರೆಗೂ ವಾದಿಸಿದರು, ಆಮೇಲೆ ಇನ್ನೂ ಕೆಲವು ವರ್ಷ. ಹಾಸಿಗೆಯವರು ಶೆಡ್ಡನ್ನು ತಿಂಗಳೊಳಗೆ ಬಿಟ್ಟರು. ಜಾಗ ದೂರವಾಗುತ್ತದೆ ಎಂದರಂತೆ. ಶಿವಾಜಿನಗರದಲ್ಲಿ ಅವರನ್ನು ಹುಡುಕುವುದು ಕಷ್ಟವೇನಲ್ಲ, ಹಾಸಿಗೆಯವರ ಸಾಲು ಗೊತ್ತಿದೆ, ಬಸ್ಸು ಗೊತ್ತಿದೆ. ನಾನು ಹೋಗಿಲ್ಲ. ಹೋಗದಿರಲು ಒಳ್ಳೊಳ್ಳೆಯ ಕಾರಣಗಳಿದ್ದವು, ಈಗ ಒಂದೂ ನೆನಪಿಗೆ ಬರುತ್ತಿಲ್ಲ.

ಅವರು ಆ ಬೆಳಿಗ್ಗೆ ನಾನು ಬರೆದ ಬಾಣ ನೋಡಿ ಹತ್ತಿ ಹರಡಿದರೋ, ನೋಡದೆ ಬಿಸಿಲು ನಂಬಿ ಹರಡಿದರೋ ನನಗೆ ಗೊತ್ತಿಲ್ಲ. ಅವರ ಮಗಳು ಮಲಗಿದ ಆ ಹಾಸಿಗೆಯಲ್ಲಿ ಯಾವ ಹತ್ತಿ ಇತ್ತು ಎಂಬುದೂ ಗೊತ್ತಿಲ್ಲ.